ಮನೆ, ಮಕ್ಕಳು, ಕೆಲಸದ ನಡುವೆ ಭೌತಶಾಸ್ತ್ರ ಪದವಿ: ಕಮ್ಯುನಿಟಿ ಕಾಲೇಜಿನಿಂದ ಅರೆಕಾಲಿಕವಾಗಿ ಶುರು ಮಾಡುವುದು ಹೇಗೆ?

ಕಾವೇರಿ_ಕಣಿವೆ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಊರು ಮಂಡ್ಯದ ಕಡೆ. ಪಿಯುಸಿಯಲ್ಲಿ ಪಿಸಿಎಂಬಿ ಓದಿ ಮೈಸೂರಿನಲ್ಲಿ ಬಿ.ಎಸ್‌ಸಿ.ಗೆ ಸೇರಿದ್ದೆ. ಎರಡನೆಯ ವರ್ಷ ಮುಗಿಯುವ ಮೊದಲೇ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಈಗ ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಯಜಮಾನರ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾ ನನ್ನದು, ಕೆಲಸದ ಪರವಾನಗಿ ಇದೆ. ಬೆಳಗಿನ ಹೊತ್ತು ಒಂದು ದಂತ ಚಿಕಿತ್ಸಾಲಯದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ.

ನನಗೆ ಭೌತಶಾಸ್ತ್ರದಲ್ಲಿ ಪದವಿ ಬೇಕು. ಮುಂದೆ ಹೈಸ್ಕೂಲಿನಲ್ಲಿ ಪಾಠ ಮಾಡುವ ಆಸೆ ಇದೆ, ಅದು ಕೂಡಿಬರದಿದ್ದರೂ ಪದವಿ ಬೇಕು. ಕೋಡಿಂಗ್ ಕಲಿಯಿರಿ ಎಂದು ದಯವಿಟ್ಟು ಯಾರೂ ಹೇಳಬೇಡಿ. ಅದನ್ನು ಹೇಳುವವರು ಮನೆಯಲ್ಲಿಯೇ ಇದ್ದಾರೆ.

ಹತ್ತಿರದ ಕಮ್ಯುನಿಟಿ ಕಾಲೇಜಿನ ಕೌನ್ಸೆಲರ್ ಒಬ್ಬರನ್ನು ಕಂಡು ಬಂದೆ. ಮೊದಲ ಎರಡು ವರ್ಷದ ಓದನ್ನು ಅಲ್ಲಿ ಮುಗಿಸಿ, ಉಳಿದದ್ದಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು ಎಂದರು. ಅದಕ್ಕೆ 60 ಯೂನಿಟ್ (ಇಲ್ಲಿ ಕೋರ್ಸಿನ ಭಾರ ಎಣಿಸುವ ಅಳತೆ) ಎಂದು ಬರೆದ ಹಾಳೆಯನ್ನೂ ಕೊಟ್ಟರು. ಸೆಮಿಸ್ಟರಿಗೆ ಎರಡು ವಿಷಯಗಳಷ್ಟೇ ನನ್ನಿಂದ ಸಾಧ್ಯ. ಭಾಗಿಸಿ ನೋಡಿದರೆ ಇಲ್ಲಿಯೇ ಸುಮಾರು ನಾಲ್ಕು ವರ್ಷ ಆಗುತ್ತದೆ. ಇಂಗ್ಲಿಷ್, ಇತಿಹಾಸ, ಮನಶ್ಶಾಸ್ತ್ರದಂತಹ ಸಾಮಾನ್ಯ ವಿಷಯಗಳನ್ನು ಮೊದಲು ಮುಗಿಸಿಕೊಂಡು, ಗಣಿತ ಮತ್ತು ಭೌತಶಾಸ್ತ್ರವನ್ನು ಆಮೇಲೆ ನಿಶ್ಚಿಂತೆಯಿಂದ ಓದಬಹುದೇ? ಹಳೆಯ ಬಿ.ಎಸ್‌ಸಿ. ಅಂಕಪಟ್ಟಿಗೆ ಏನಾದರೂ ಬೆಲೆ ಇದೆಯೇ? ವರ್ಗವಾದ ನಂತರವೂ ಅರೆಕಾಲಿಕವಾಗಿ ಓದಲು ಬಿಡುತ್ತಾರೆಯೇ?

ಕೋಡುಬಳೆ:

ಆ ಪದವನ್ನು ಬಳಸಬೇಡಿ ಎಂದಿದ್ದೀರಿ, ಬಳಸುವುದಿಲ್ಲ. ಆದರೆ ಲೆಕ್ಕ ನೋಡಿ. ಇಲ್ಲಿ ನಾಲ್ಕು ವರ್ಷ, ಅಲ್ಲಿ ಮೂರೋ ನಾಲ್ಕೋ. ಅಷ್ಟು ಮಾಡಿ ಕೈಗೆ ಬರುವುದು ಬರೀ ಬಿ.ಎಸ್. ನಮ್ಮ ತಂಡದಲ್ಲಿ ಕಣಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರೊಬ್ಬರಿದ್ದಾರೆ, ಜಾಹೀರಾತಿನ ಮೇಲೆ ಎಷ್ಟು ಜನ ಕ್ಲಿಕ್ ಮಾಡಿದರು ಎಂದು ಎಣಿಸುವುದು ಅವರ ಕೆಲಸ. ಅದೇ ಕಮ್ಯುನಿಟಿ ಕಾಲೇಜುಗಳಲ್ಲಿ ನರ್ಸಿಂಗ್, ಎಕ್ಸ್-ರೇ ತಂತ್ರಜ್ಞರ ಕೋರ್ಸುಗಳಿವೆ. ಮುಗಿದ ಮರುದಿನ ಕೆಲಸ ಸಿಗುವಂಥವು. ಬೇಸರ ಮಾಡಿಕೊಳ್ಳಬೇಡಿ, ಅಕ್ಕ. ಯಾರಾದರೂ ಹೇಳಲೇಬೇಕಾದ ಮಾತು ಇದು.

ತುಂಗಾತೀರ:

ಕೆಲಸದ ಜೊತೆಗೆ ಭೌತಶಾಸ್ತ್ರ ಆಗದು ಎನ್ನುವವರು ಸಿ.ವಿ. ರಾಮನ್ ಅವರನ್ನು ನೆನೆಯಲಿ. 1907ರಿಂದ 1917ರವರೆಗೆ ಅವರು ಹಣಕಾಸು ಇಲಾಖೆಯ ಅಧಿಕಾರಿ. ಕಚೇರಿಗೆ ಹೋಗುವ ಮೊದಲು, ಕಚೇರಿ ಬಿಟ್ಟ ಮೇಲೆ ಕಲ್ಕತ್ತೆಯ ಬೌಬಜಾರಿನಲ್ಲಿದ್ದ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ಮಾಡುತ್ತಿದ್ದರು. ಅರೆಕಾಲಿಕ ಭೌತವಿಜ್ಞಾನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಗಣಿತದ_ಮೇಷ್ಟ್ರು:

ರಾಮನ್ ಅವರ ಉದಾಹರಣೆ ಇಲ್ಲಿ ಹೊಂದುವುದಿಲ್ಲ, ತುಂಗಾತೀರ ಅವರೇ. ಆ ಕೆಲಸಕ್ಕೆ ಸೇರುವ ಹೊತ್ತಿಗೆ ಅವರ ಎಂ.ಎ. ಮುಗಿದಿತ್ತು, 1906ರಲ್ಲಿಯೇ ಮೊದಲ ಸಂಶೋಧನಾ ಲೇಖನವೂ ಪ್ರಕಟವಾಗಿತ್ತು. ಅವರಿಗೆ ಬೇಕಾಗಿದ್ದದ್ದು ಪ್ರಯೋಗಾಲಯದ ಬೀಗದ ಕೈ. ಇವರಿಗೆ ಬೇಕಾಗಿರುವುದು ವೇಳಾಪಟ್ಟಿ.

ಕಾವೇರಿ ಕಣಿವೆ ಅವರೇ, ನಾನು ಇದೇ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ (ಬೇ ಏರಿಯಾ) ಪ್ರದೇಶದ ಕಮ್ಯುನಿಟಿ ಕಾಲೇಜೊಂದರಲ್ಲಿ ಸಂಜೆ ಗಣಿತ ಕಲಿಸುತ್ತೇನೆ. ನಿಮ್ಮ ಹಾಗೆ ಕೆಲಸ, ಮನೆ ಎರಡನ್ನೂ ನಿಭಾಯಿಸಿಕೊಂಡು ಬಂದು ಕೂರುವವರೇ ನನ್ನ ತರಗತಿಯಲ್ಲಿ ಹೆಚ್ಚು. ಮೊದಲು ಆ 60 ಯೂನಿಟ್‌ನ ಹಾಳೆಯನ್ನು ಪಕ್ಕಕ್ಕಿಡಿ. ಅರ್ಥಶಾಸ್ತ್ರವನ್ನೋ ಸಮಾಜಶಾಸ್ತ್ರವನ್ನೋ ಓದುವವರಿಗೆ ಆ ಭಾಗಾಕಾರ ಸರಿಹೋಗುತ್ತದೆ. ಭೌತಶಾಸ್ತ್ರದಲ್ಲಿ ನಿಮ್ಮ ಕಾಲವನ್ನು ಅಳೆಯುವುದು ಒಂದರ ಬೆನ್ನಿಗೆ ಒಂದು ಬರಲೇಬೇಕಾದ ವಿಷಯಗಳ ಸಾಲು.

ಆ ಸಾಲು ಹೀಗಿದೆ. ಮೊದಲ ಕ್ಯಾಲ್ಕುಲಸ್ ಮುಗಿದಿರಬೇಕು, ಆಮೇಲೆ ಮೆಕ್ಯಾನಿಕ್ಸ್. ಎರಡನೆಯ ಕ್ಯಾಲ್ಕುಲಸ್ ಆಗಿರಬೇಕು, ಆಮೇಲೆ ವಿದ್ಯುತ್ ಮತ್ತು ಕಾಂತತ್ವ. ಅದರ ನಂತರ ಅಲೆ, ಬೆಳಕು, ಉಷ್ಣ, ಆಧುನಿಕ ಭೌತಶಾಸ್ತ್ರ ಒಳಗೊಂಡ ಮೂರನೆಯ ಕೋರ್ಸು. ಜೊತೆಜೊತೆಗೆ ಬಹುಚರಗಳ ಕ್ಯಾಲ್ಕುಲಸ್, ರೇಖೀಯ ಬೀಜಗಣಿತ, ಅವಕಲ ಸಮೀಕರಣಗಳು. ಬಹಳಷ್ಟು ಕಡೆ ಒಂದು ರಸಾಯನಶಾಸ್ತ್ರ, ಒಂದು ಪ್ರೋಗ್ರಾಮಿಂಗ್ ಕೋರ್ಸು ಕೂಡ ಕೇಳುತ್ತಾರೆ. (ಆ ಪದ ಕೊನೆಗೂ ಬಂತು, ಕ್ಷಮಿಸಿ.) ಚಿಕ್ಕ ಕಾಲೇಜುಗಳಲ್ಲಿ ಮೂರನೆಯ ಭೌತಶಾಸ್ತ್ರ ಕೋರ್ಸನ್ನು ವರ್ಷಕ್ಕೆ ಒಂದೇ ಸಲ ನಡೆಸುತ್ತಾರೆ. ಅದು ತಪ್ಪಿದರೆ ಮುಂದಿನ ಬಸ್ಸು ಒಂದು ವರ್ಷದ ನಂತರ.

ಸಾಮಾನ್ಯ ವಿಷಯಗಳನ್ನು ಮೊದಲು ಮುಗಿಸುವ ಆಲೋಚನೆಯನ್ನು ಬಿಟ್ಟುಬಿಡಿ. ಎಲ್ಲರಿಗೂ ಬರುವ ಆಲೋಚನೆ ಅದು, ಕೌನ್ಸೆಲರುಗಳೂ ತಲೆಯಾಡಿಸುತ್ತಾರೆ. ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ನಿಮ್ಮ ಮುಂದೆ ಉಳಿಯುವುದು ಗಣಿತ ಮತ್ತು ಲ್ಯಾಬ್ ಇರುವ ಭೌತಶಾಸ್ತ್ರ ಮಾತ್ರ. ಪ್ರತಿ ಸೆಮಿಸ್ಟರಿನಲ್ಲಿ ಎರಡೂ ಭಾರದ ವಿಷಯಗಳು, ಉಸಿರಾಡಲು ಹಗುರವಾದದ್ದು ಒಂದೂ ಇಲ್ಲ. ಕೈಬಿಡುವವರು ಕೈಬಿಡುವುದು ಅಲ್ಲಿಯೇ. ಇದರ ತದ್ವಿರುದ್ಧ ದಾರಿಯೂ ಒಳ್ಳೆಯದಲ್ಲ. ಭೌತಶಾಸ್ತ್ರವನ್ನೆಲ್ಲ ಮೊದಲೇ ಮುಗಿಸಿ, ವರ್ಗಾವಣೆಗೆ ಮುಂಚಿನ ವರ್ಷವಿಡೀ ಇತಿಹಾಸ ಓದಿದರೆ, ವಿಶ್ವವಿದ್ಯಾಲಯದ ಮೊದಲ ವಾರದಲ್ಲಿ ಅವಕಲ ಸಮೀಕರಣ ಕಂಡಾಗ ಅದು ಯಾರೋ ಅಪರಿಚಿತರಂತೆ ಕಾಣುತ್ತದೆ.

ನಾನು ಹೇಳುವುದು ಇಷ್ಟು: ಗಣಿತಕ್ಕೆ ಒಂದು ಸೆಮಿಸ್ಟರ್ ಕೂಡ ರಜೆ ಕೊಡಬೇಡಿ. ಮೊದಲ ವರ್ಷ ಗಣಿತದ ಜೊತೆಗೆ ಇಂಗ್ಲಿಷ್‌ನಂತಹ ಒಂದು ಸಾಮಾನ್ಯ ವಿಷಯ. ಮೆಕ್ಯಾನಿಕ್ಸ್ ಬಂದ ಸೆಮಿಸ್ಟರಿನಲ್ಲಿ ಅದು ಮತ್ತು ಗಣಿತ, ಬೇರೇನೂ ಬೇಡ. ಉಳಿದ ಸಾಮಾನ್ಯ ವಿಷಯಗಳನ್ನು ಬೇಸಿಗೆಯಲ್ಲಿ ಆನ್‌ಲೈನ್ ಮುಗಿಸಿಕೊಳ್ಳಿ. ಭೌತಶಾಸ್ತ್ರದ ಕೊನೆಯ ಕೋರ್ಸು ವರ್ಗಾವಣೆಗೆ ಆದಷ್ಟು ಹತ್ತಿರ ಬರುವಂತೆ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ.

ಎರಡೇ ವಿಷಯ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು ಯೂನಿಟ್ ಎಂದರೆ ವಾರಕ್ಕೆ ತರಗತಿಯಲ್ಲಿ ಒಂದು ಗಂಟೆ, ಮನೆಯಲ್ಲಿ ಎರಡು ಗಂಟೆ. ಐದು ಯೂನಿಟ್‌ನ ಕ್ಯಾಲ್ಕುಲಸ್ ಒಂದೇ ವಾರಕ್ಕೆ 15 ಗಂಟೆ ಬೇಡುತ್ತದೆ. ಅದರ ಮೇಲೆ ಲ್ಯಾಬ್ ಇರುವ ಭೌತಶಾಸ್ತ್ರ ಸೇರಿದರೆ 30 ಗಂಟೆಯ ಹತ್ತಿರ ಹೋಗುತ್ತದೆ.

ಕಾವೇರಿ_ಕಣಿವೆ:

ಮೇಷ್ಟ್ರೇ, ಇದನ್ನು ಮುದ್ರಿಸಿ ಫ್ರಿಜ್ ಮೇಲೆ ಅಂಟಿಸಿದ್ದೇನೆ. ಒಂದು ಸಂದೇಹ. ಪಿಯುಸಿಯಲ್ಲಿ ಅವಕಲನ, ಅನುಕಲನ ಎರಡನ್ನೂ ಓದಿದ್ದೇನೆ, ಒಳ್ಳೆಯ ಅಂಕಗಳೂ ಇವೆ. ನೇರವಾಗಿ ಕ್ಯಾಲ್ಕುಲಸ್‌ಗೆ ಕೂರಬಹುದೇ? ಅಥವಾ ಅದಕ್ಕೆ ಮುಂಚಿನ ಪ್ರಿಕ್ಯಾಲ್ಕುಲಸ್‌ನಿಂದ ಶುರು ಮಾಡಲೇ?

ಗಣಿತದ_ಮೇಷ್ಟ್ರು:

ಈಗ ಕಾನೂನೇ ನಿಮ್ಮನ್ನು ಕ್ಯಾಲ್ಕುಲಸ್ ಕಡೆ ತಳ್ಳುತ್ತದೆ. 2022ರಲ್ಲಿ ಬಂದ ಎಬಿ 1705 ಎಂಬ ಕ್ಯಾಲಿಫೋರ್ನಿಯಾ ಕಾಯ್ದೆಯ ಪ್ರಕಾರ ವಿಜ್ಞಾನ, ಎಂಜಿನಿಯರಿಂಗ್ ಓದುವವರನ್ನು ಆದಷ್ಟು ಮಟ್ಟಿಗೆ ನೇರವಾಗಿ ಕ್ಯಾಲ್ಕುಲಸ್‌ಗೆ ಸೇರಿಸಬೇಕು. ಹಿಂದಿನ ತರಗತಿಗಳಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡು ಹೊರಬರಲಾಗದವರು ಬಹಳ ಇದ್ದರು ಎಂಬುದು ಅದರ ಹಿಂದಿನ ಕಾರಣ. ನಿಮ್ಮ ವಿಷಯದಲ್ಲಿ ಅದು ಸರಿಯೇ. ಅನುಕಲನ ನೆನಪಿಲ್ಲದಿದ್ದರೆ ಚಿಂತೆಯಿಲ್ಲ, ಅದನ್ನು ನಾವು ಕಲಿಸುತ್ತೇವೆ. ಆದರೆ ತ್ರಿಕೋನಮಿತಿ, ಲಾಗರಿದಂ, ಭಿನ್ನರಾಶಿಯ ಬೀಜಗಣಿತ ಇವು ಕೈಯಲ್ಲಿ ಓಡುತ್ತಿರಬೇಕು. ಕ್ಯಾಲ್ಕುಲಸ್‌ನಲ್ಲಿ ನಪಾಸಾಗುವವರಲ್ಲಿ ಹೆಚ್ಚಿನವರು ಎಡವುವುದು ಬೀಜಗಣಿತದಲ್ಲಿ. ಸೇರುವ ಮೊದಲಿನ ಬೇಸಿಗೆಯನ್ನು ಇದಕ್ಕೆ ಮೀಸಲಿಡಿ. ಮುಖ್ಯ ತರಗತಿಯ ಜೊತೆಗೆ ಬೆಂಬಲ ತರಗತಿ ಇದ್ದರೆ ಸಂಕೋಚವಿಲ್ಲದೆ ಸೇರಿಕೊಳ್ಳಿ.

ಇನ್ನೊಂದು ಮಾತು. ಕಷ್ಟವಾದರೆ ಅರ್ಧಕ್ಕೆ ಬಿಟ್ಟು ಮತ್ತೆ ಸೇರಿದರಾಯಿತು ಎಂದುಕೊಳ್ಳಬೇಡಿ. ಗಡುವಿನ ನಂತರ ಬಿಟ್ಟರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯು’ ಬೀಳುತ್ತದೆ, ಅದೂ ಒಂದು ಪ್ರಯತ್ನವೆಂದು ಲೆಕ್ಕ. ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದೇ ವಿಷಯಕ್ಕೆ ಸಾಮಾನ್ಯವಾಗಿ ಮೂರು ಪ್ರಯತ್ನಗಳಷ್ಟೇ.

ಹೇವರ್ಡ್_ಹಾದಿ:

ವೀಸಾ ವಿಷಯ ಯಾರೂ ಎತ್ತಲಿಲ್ಲವಲ್ಲ. ನಾನೂ ಎಚ್-4ನಲ್ಲಿದ್ದೇ ಓದಿದವಳು. ಎಚ್-4ನಲ್ಲಿ ಪೂರ್ಣಾವಧಿ, ಅರೆಕಾಲಿಕ ಎರಡೂ ಸಾಧ್ಯ, ಬೇರೆ ಅನುಮತಿ ಬೇಡ. ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಮಾತ್ರ ಪೂರ್ಣಾವಧಿ ಓದಲೇಬೇಕು, ಅಂದರೆ ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್. ಆಗ ನಿಮ್ಮ ನಿಧಾನದ ಯೋಜನೆ ಪೂರ್ತಿ ತಲೆಕೆಳಗಾಗುತ್ತದೆ. ಯಜಮಾನರ ಕೆಲಸ, ಗ್ರೀನ್ ಕಾರ್ಡ್ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನೂ ಯೋಜನೆಯ ಭಾಗವೆಂದೇ ನೋಡಿ.

ಶುಲ್ಕ: ಈ ರಾಜ್ಯದಲ್ಲಿ ಎಚ್-4ನವರು ನಿವಾಸಿಗಳೆಂದು ಗುರುತಿಸಿಕೊಳ್ಳಬಹುದು. ಸೆಮಿಸ್ಟರ್ ಶುರುವಾಗುವ ಮೊದಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿ ನೆಲೆಸಿರಬೇಕು, ಇಲ್ಲಿಯೇ ಉಳಿಯುವ ಉದ್ದೇಶಕ್ಕೆ ದಾಖಲೆ ತೋರಿಸಬೇಕು: ತೆರಿಗೆ ಪತ್ರ, ಚಾಲನಾ ಪರವಾನಗಿ ಮುಂತಾದವು. ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಐದು ಯೂನಿಟ್‌ನ ಕ್ಯಾಲ್ಕುಲಸ್‌ಗೆ 230 ಡಾಲರ್. ಹೊರಗಿನವರೆಂದು ದಾಖಲಾದರೆ ಇದು ಹಲವು ಪಟ್ಟು. ನನ್ನ ಅರ್ಜಿಯಲ್ಲಿ ಕಚೇರಿಯವರು ವೀಸಾದ ಹೆಸರು ನೋಡಿದ ಕೂಡಲೇ ‘ವಿದೇಶಿ’ ಎಂದು ಗುರುತು ಹಾಕಿಬಿಟ್ಟಿದ್ದರು. ನಿಯಮವನ್ನು ಮುದ್ರಿಸಿಕೊಂಡು ಹೋಗಿ ತೋರಿಸಿದ ಮೇಲೆ ಸರಿಹೋಯಿತು. ಎದೆಗುಂದಬೇಡಿ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಮಾತ್ರ ಎಚ್-4ನವರಿಗಿಲ್ಲ, ಅದಕ್ಕೆ ಗ್ರೀನ್ ಕಾರ್ಡ್ ಬರಬೇಕು.

ಕೋಡುಬಳೆ:

230 ಡಾಲರ್? ನನ್ನ ಮಗಳ ಭರತನಾಟ್ಯ ತರಗತಿಗೆ ಇದಕ್ಕಿಂತ ಹೆಚ್ಚು ಕೊಡುತ್ತೇನೆ. ದುಡ್ಡಿನ ಆಕ್ಷೇಪಣೆಯನ್ನು ಹಿಂದೆ ತೆಗೆದುಕೊಂಡೆ. ಕಾಲದ ಆಕ್ಷೇಪಣೆ ಹಾಗೆಯೇ ಇದೆ.

ರಾತ್ರಿಪಾಳಿ:

ಕಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಎಲ್ಲರೂ ಮೊದಲ ಅರ್ಧದ ಬಗ್ಗೆಯೇ ಮಾತನಾಡುತ್ತಿದ್ದಾರೆ. ನಾನು ಆಸ್ಪತ್ರೆಯೊಂದರ ಪರೀಕ್ಷಾಲಯದಲ್ಲಿ ರಾತ್ರಿ ಕೆಲಸ ಮಾಡಿಕೊಂಡು ಕಮ್ಯುನಿಟಿ ಕಾಲೇಜು ಮುಗಿಸಿ, ಈಗ ಒಂದು ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ.

ಕಮ್ಯುನಿಟಿ ಕಾಲೇಜು ನಮ್ಮಂಥವರನ್ನು ಗಮನದಲ್ಲಿಟ್ಟುಕೊಂಡೇ ನಡೆಯುತ್ತದೆ. ಸಂಜೆ ತರಗತಿ ಇದೆ, ಕೆಲವು ಕಡೆ ಶನಿವಾರ ಲ್ಯಾಬ್ ಇದೆ. ವಿಶ್ವವಿದ್ಯಾಲಯದ ಮೂರನೆಯ ವರ್ಷ ಹಾಗಲ್ಲ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಎರಡು ಸೆಮಿಸ್ಟರ್‌ಗಳ ವಿದ್ಯುತ್ಕಾಂತತ್ವ, ಕ್ವಾಂಟಂ ಮೆಕ್ಯಾನಿಕ್ಸ್, ಉಷ್ಣಗತಿ ಮತ್ತು ಸಂಖ್ಯಾಕಲನೀಯ ಭೌತಶಾಸ್ತ್ರ, ಮುಂದುವರಿದ ಲ್ಯಾಬ್. ನಮ್ಮಲ್ಲಿ ಇವು ಬಹುತೇಕ ಹಗಲಿನಲ್ಲಿ, ವಾರದ ದಿನಗಳಲ್ಲಿ, ಹೆಚ್ಚಿನವು ವರ್ಷಕ್ಕೊಮ್ಮೆ. ಇಲ್ಲೂ ಸಾಲು ಇದೆ. ಗಣಿತ ವಿಧಾನಗಳ ಕೋರ್ಸು ಮುಗಿಯದೆ ಉಳಿದದ್ದಕ್ಕೆ ಬಿಡುವುದಿಲ್ಲ. ಸೆಮಿಸ್ಟರಿಗೆ ಎರಡರಂತೆ ಹೋದರೂ ಮೂರು ವರ್ಷ ಬೇಕು. ನಾನು ರಾತ್ರಿಪಾಳಿಯನ್ನು ಆರಿಸಿಕೊಂಡದ್ದೇ ಹಗಲು ಬಿಡುವಿರಲಿ ಎಂದು.

ಅರೆಕಾಲಿಕ ಓದಿಗೆ ಬಿಡುತ್ತಾರೆಯೇ ಎಂದು ಕೇಳಿದ್ದೀರಿ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯಗಳ ಕುಟುಂಬದಲ್ಲಿ ಅದು ದಿನನಿತ್ಯದ ಮಾತು. ಬೋಧನಾ ಶುಲ್ಕವೇ ಎರಡು ಹಂತದಲ್ಲಿದೆ, ಆರು ಯೂನಿಟ್‌ವರೆಗೆ ಒಂದು, ಅದಕ್ಕಿಂತ ಹೆಚ್ಚಿಗೆ ಇನ್ನೊಂದು. ಬರ್ಕ್ಲಿ, ಡೇವಿಸ್, ಸಾಂತಾ ಕ್ರೂಜ್ ಇತ್ಯಾದಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕುಟುಂಬದಲ್ಲಿ ಪೂರ್ಣಾವಧಿಯೇ ರೂಢಿ. ಉದ್ಯೋಗ, ಸಂಸಾರದ ಹೊಣೆ, ಆರೋಗ್ಯ ಇಂತಹ ಕಾರಣ ತೋರಿಸಿ ಅನುಮತಿ ಪಡೆಯಬೇಕು. ಆದ್ದರಿಂದ ನೀವು ಈಗಲೇ ಕೇಳಿಕೊಳ್ಳಬೇಕಾದ ಪ್ರಶ್ನೆ, ಎರಡು ಮಕ್ಕಳ ತಾಯಿ ನಾಲ್ಕು ವರ್ಷದ ನಂತರ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿರಬಲ್ಲಳು ಎಂಬುದು. ಆ ಹೊತ್ತಿಗೆ ಈ ಬೆಳಗಿನ ಲೆಕ್ಕಪತ್ರದ ಕೆಲಸ ಅಡ್ಡ ಬರುತ್ತದೆ.

ಇನ್ನು ಯಾವ ಕ್ಯಾಂಪಸ್ ಎಂಬುದು. ನೀವಿರುವ ಕಡೆಯಿಂದ ಸ್ಯಾನ್ ಹೋಸೆ ಸ್ಟೇಟ್ ಹತ್ತಿರ. ಏನೇ ಆದರೂ ಒಂದೇ ಕಡೆ ಕಣ್ಣಿಟ್ಟು ಕೂರಬೇಡಿ. 2025ರ ಜನವರಿಯಲ್ಲಿ ಇದೇ ಸ್ಟೇಟ್ ಕುಟುಂಬದ ಸೊನೋಮಾ ಸ್ಟೇಟ್ ಹಣದ ಕೊರತೆಯಿಂದ ನಿಲ್ಲಿಸುವುದಾಗಿ ಪ್ರಕಟಿಸಿದ ಪದವಿಗಳ ಪಟ್ಟಿಯಲ್ಲಿ ಭೌತಶಾಸ್ತ್ರವೂ ಇತ್ತು. ನಾಲ್ಕು ವರ್ಷ ತಯಾರಿ ಮಾಡಿಕೊಂಡು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಕಾವೇರಿ_ಕಣಿವೆ:

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ! ಇದನ್ನು ಕೌನ್ಸೆಲರ್ ಹೇಳಲೇ ಇಲ್ಲ. ಚಿಕಿತ್ಸಾಲಯದಲ್ಲಿ ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ಇಂದೇ ಕೇಳಿದೆ. ‘ನೋಡೋಣ’ ಎಂದಿದ್ದಾರೆ.

ದಾವಣಗೆರೆ_ಬೆಣ್ಣೆ:

ನನ್ನದೂ ಇದೇ ಆಸೆ, ಆದರೆ ಊರಿನಲ್ಲಿ ಬಿ.ಇ. ಮುಗಿಸಿದ್ದೇನೆ. ನನಗೂ ಇದೇ ದಾರಿಯೇ?

ಗಣಿತದ_ಮೇಷ್ಟ್ರು:

ಇಲ್ಲ. ಇಲ್ಲೊಂದು ವಿಚಿತ್ರವಿದೆ. ಕಾವೇರಿ ಕಣಿವೆ ಅವರ ಪದವಿ ಅರ್ಧಕ್ಕೆ ನಿಂತದ್ದು ಅವರಿಗೆ ಅನುಕೂಲವೇ ಆಗಿದೆ. ಒಂದು ಪದವಿ ಇರುವವರಿಗೆ ಎರಡನೆಯ ಬ್ಯಾಚುಲರ್ ಪದವಿಗೆ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬಾಗಿಲು ತೆರೆಯುವುದು ಅಪರೂಪ, ತೆರೆದರೂ ಕೆಲವೇ ವಿಷಯಗಳಿಗೆ. ನಿಮಗೆ ಬೇಕಾದದ್ದು ಭೌತಶಾಸ್ತ್ರದ ಎಂ.ಎಸ್. ಕೊರತೆಯಿರುವ ವಿಷಯಗಳನ್ನು ಮಾತ್ರ ಓದಿಕೊಂಡು ಅದಕ್ಕೆ ಅರ್ಜಿ ಹಾಕಿ. ಯಾವ ವಿಷಯಗಳ ಕೊರತೆ ಎಂಬುದನ್ನು ಆ ವಿಭಾಗದ ಸಲಹೆಗಾರರಿಂದ ಬರಹದಲ್ಲಿ ಪಡೆಯಿರಿ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಭೌತಶಾಸ್ತ್ರ ಎಂ.ಎಸ್. ಇದೆ.

ಹಳೆಯ ಬಿ.ಎಸ್‌ಸಿ. ಅಂಕಪಟ್ಟಿಯ ಪ್ರಶ್ನೆಗೂ ಇಲ್ಲಿಯೇ ಉತ್ತರಿಸುತ್ತೇನೆ. ವಿದೇಶಿ ಅಂಕಪಟ್ಟಿಯನ್ನು ಮಾನ್ಯತೆ ಪಡೆದ ಮೌಲ್ಯಮಾಪನ ಸಂಸ್ಥೆಗೆ ಕೊಟ್ಟು ವರದಿ ತರಿಸಬೇಕು. ಕೆಲವು ಯೂನಿಟ್ ಸಿಗಬಹುದು, ಆದರೆ ಅದನ್ನು ನಂಬಿಕೊಂಡು ಕ್ಯಾಲ್ಕುಲಸ್ ಅಥವಾ ಮೆಕ್ಯಾನಿಕ್ಸ್ ಬಿಟ್ಟುಕೊಡಬೇಡಿ. ಸಿಕ್ಕರೆ ಸಾಮಾನ್ಯ ವಿಷಯಗಳಿಗೆ ಸಿಗಲಿ. ಅರ್ಜಿಯಲ್ಲಿ ಹಿಂದೆ ಓದಿದ್ದನ್ನು ಮುಚ್ಚಿಡುವಂತಿಲ್ಲ, ಅದಂತೂ ಖಂಡಿತ.

ಓಹಾಯೋ_ಒಕ್ಕಲಿಗಿತ್ತಿ:

ಮೇಲಿನ ಅಂಕಿಗಳೆಲ್ಲ ಕ್ಯಾಲಿಫೋರ್ನಿಯಾದವು, ಓದುವವರು ಗಮನಿಸಿ. ಉಳಿದ ರಾಜ್ಯಗಳಲ್ಲಿ ಶುಲ್ಕ, ನಿವಾಸದ ನಿಯಮ, ವರ್ಗಾವಣೆಯ ಒಪ್ಪಂದ ಎಲ್ಲವೂ ಬೇರೆ. ವಿಷಯಗಳ ಸಾಲು ಮಾತ್ರ ಎಲ್ಲ ಕಡೆಯೂ ಇದೇ.

ಹಾಗೆಯೇ ಒಂದು ಸಂತೋಷದ ವಿಷಯ. ಅಮೆರಿಕದ ಬಾಹ್ಯಾಕಾಶ ನೌಕೆಯೊಂದರ ಮೊದಲ ಮಹಿಳಾ ಕಮಾಂಡರ್ ಐಲೀನ್ ಕಾಲಿನ್ಸ್ ಓದು ಶುರು ಮಾಡಿದ್ದು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ. 1999ರಲ್ಲಿ ಅವರ ನೌಕೆ ಹೊತ್ತೊಯ್ದದ್ದು ನಮ್ಮ ಖಗೋಳ ಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಚಂದ್ರಾ ಎಕ್ಸ್-ರೇ ದೂರದರ್ಶಕವನ್ನು.

ತುಂಗಾತೀರ:

ರಾಮನ್ ಹೋದರು, ಚಂದ್ರಶೇಖರ್ ಬಂದರು. ಚಿಕ್ಕಪ್ಪನ ಬದಲು ಅಣ್ಣನ ಮಗ. ನನಗೆ ಸಮಾಧಾನ. ಇಲ್ಲಿ ಕರ್ನಾಟಕದಲ್ಲಿ ಈ ಸೌಲಭ್ಯವಿಲ್ಲ ಎಂಬ ಬೇಸರ ಮಾತ್ರ ಉಳಿಯುತ್ತದೆ. ನಮ್ಮ ಸಂಜೆ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಸಿಗುತ್ತದೆ, ಲ್ಯಾಬ್ ಇರುವ ವಿಜ್ಞಾನ ಕಷ್ಟ. ಕೆಲಸದಲ್ಲಿರುವವರಿಗೆ ಇಗ್ನೋ ಬಿ.ಎಸ್‌ಸಿ. ಒಂದು ದಾರಿ; ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ಲ್ಯಾಬ್‌ಗೆ ಅಧ್ಯಯನ ಕೇಂದ್ರಕ್ಕೆ ಹೋಗಬೇಕು. ನನ್ನ ವಿದ್ಯಾರ್ಥಿಯೊಬ್ಬ ಬೆಸ್ಕಾಂ ಕೆಲಸದ ಜೊತೆಗೆ ಹಾಗೆ ಮುಗಿಸಿದ.

ಹೇವರ್ಡ್_ಹಾದಿ:

ಕಾವೇರಿ ಕಣಿವೆ ಅವರೇ, ಕೌನ್ಸೆಲರ್ ಮಾತನ್ನಾಗಲಿ ನಮ್ಮ ಮಾತನ್ನಾಗಲಿ ನಂಬಿ ಕೂರದೆ ‘ಅಸಿಸ್ಟ್’ ಜಾಲತಾಣ ನೋಡಿ. ನಿಮ್ಮ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬ ಅಧಿಕೃತ ದಾಖಲೆ ಅಲ್ಲಿದೆ, ಭೌತಶಾಸ್ತ್ರಕ್ಕೇ ಪ್ರತ್ಯೇಕವಾಗಿ. ಎರಡು ಮೂರು ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು, ಎಲ್ಲರೂ ಕೇಳುವುದನ್ನು ಮೊದಲು ಗುರುತು ಹಾಕಿ.

ಎರಡು ಎಚ್ಚರಿಕೆ. ಒಂದು, ಭೌತಶಾಸ್ತ್ರದಲ್ಲಿ ಬೀಜಗಣಿತ ಆಧಾರಿತ ಸಾಲು ಬೇರೆ, ಕ್ಯಾಲ್ಕುಲಸ್ ಆಧಾರಿತ ಸಾಲು ಬೇರೆ. ಮೊದಲನೆಯದು ವೈದ್ಯಕೀಯ, ಜೀವವಿಜ್ಞಾನದ ಕಡೆ ಹೋಗುವವರಿಗೆ. ಸಂಜೆ ಸಮಯ ಹೊಂದುತ್ತದೆ ಎಂದು ಅದಕ್ಕೆ ಸೇರಿಬಿಟ್ಟರೆ ನಿಮ್ಮ ಪದವಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಎರಡು, ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳಲ್ಲಿ ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳ ಕ್ವಾರ್ಟರ್ ಪದ್ಧತಿ, ಫ್ರೀಮಾಂಟ್‌ನ ಓಲೋನಿಯಲ್ಲಿ ಸೆಮಿಸ್ಟರ್ ಪದ್ಧತಿ. ಕ್ಯಾಲ್ಕುಲಸ್ ಸಾಲನ್ನು ಒಂದು ಕಡೆ ಶುರು ಮಾಡಿ ಇನ್ನೊಂದು ಕಡೆ ಮುಗಿಸಲು ಹೋಗಬೇಡಿ. ಪಾಠ ಹಂಚಿರುವ ರೀತಿಯೇ ಬೇರೆ, ನಡುವೆ ಅಧ್ಯಾಯಗಳು ಕಳೆದುಹೋಗುತ್ತವೆ.

ಕಾವೇರಿ_ಕಣಿವೆ:

ಎಲ್ಲರ ಮಾತನ್ನೂ ಸೇರಿಸಿ ಹೀಗೆ ಬರೆದುಕೊಂಡಿದ್ದೇನೆ, ನೋಡಿ. ಬೇಸಿಗೆ: ತ್ರಿಕೋನಮಿತಿ, ಬೀಜಗಣಿತ ಪುನರಭ್ಯಾಸ. ಮೊದಲ ವರ್ಷ: ಕ್ಯಾಲ್ಕುಲಸ್ ಒಂದು ಮತ್ತು ಇಂಗ್ಲಿಷ್, ಕ್ಯಾಲ್ಕುಲಸ್ ಎರಡು ಮತ್ತು ಪ್ರೋಗ್ರಾಮಿಂಗ್. ಎರಡನೆಯ ವರ್ಷ: ಬಹುಚರಗಳ ಕ್ಯಾಲ್ಕುಲಸ್ ಮತ್ತು ರಸಾಯನಶಾಸ್ತ್ರ; ಮೆಕ್ಯಾನಿಕ್ಸ್ ಮತ್ತು ರೇಖೀಯ ಬೀಜಗಣಿತ. ಮೂರನೆಯ ವರ್ಷ: ವಿದ್ಯುತ್ ಕಾಂತತ್ವ ಮತ್ತು ಅವಕಲ ಸಮೀಕರಣ, ಮೂರನೆಯ ಭೌತಶಾಸ್ತ್ರ ಮತ್ತು ಒಂದು ಸಾಮಾನ್ಯ ವಿಷಯ. ಉಳಿದ ಸಾಮಾನ್ಯ ವಿಷಯಗಳು ಬೇಸಿಗೆಗಳಲ್ಲಿ. ಮೂರೂವರೆ ವರ್ಷದಲ್ಲಿ ವರ್ಗಾವಣೆ.

ಗಣಿತದ_ಮೇಷ್ಟ್ರು:

ಬಹುಪಾಲು ಸರಿಯಾಗಿದೆ. ರಸಾಯನಶಾಸ್ತ್ರ ಮತ್ತು ಬಹುಚರ ಕ್ಯಾಲ್ಕುಲಸ್ ಒಂದೇ ಸೆಮಿಸ್ಟರಿನಲ್ಲಿ ಭಾರವಾಗುತ್ತದೆ. ರಸಾಯನಶಾಸ್ತ್ರವನ್ನು ಕ್ಯಾಲ್ಕುಲಸ್ ಒಂದರ ಜೊತೆಗೆ ಇಡಿ, ಇಂಗ್ಲಿಷ್ ಬೇಸಿಗೆಗೆ ಹೋಗಲಿ. ಬಹುಚರದ ಜೊತೆಗೆ ಮೆಕ್ಯಾನಿಕ್ಸ್ ಬರಲಿ. ಆಗ ಭೌತಶಾಸ್ತ್ರದ ಸಾಲು ಒಂದು ಸೆಮಿಸ್ಟರ್ ಮುಂಚೆ ಶುರುವಾಗುತ್ತದೆ, ಯಾವುದಾದರೂ ತರಗತಿ ರದ್ದಾದರೂ ನಿಮಗೆ ಒಂದು ಸೆಮಿಸ್ಟರ್ ಕೈಯಲ್ಲಿರುತ್ತದೆ. ಮೂರನೆಯ ಭೌತಶಾಸ್ತ್ರ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಎಂದು ವಿಭಾಗಕ್ಕೆ ಈಗಲೇ ಇಮೇಲ್ ಬರೆದು ಕೇಳಿ, ಉಳಿದೆಲ್ಲವನ್ನೂ ಅದಕ್ಕೆ ಹೊಂದಿಸಿ. ಸಾಮಾನ್ಯ ವಿಷಯಗಳ ಈಗಿನ ನಮೂನೆ ಕ್ಯಾಲ್-ಜಿಇಟಿಸಿ; 11 ಕೋರ್ಸು, 34 ಯೂನಿಟ್. ಗಣಿತ, ಭೌತಶಾಸ್ತ್ರ ಓದುವುದರಿಂದ ಅದರಲ್ಲಿ ಎರಡು ತಾವಾಗಿಯೇ ತುಂಬುತ್ತವೆ. ಹೊಸಬರಿಗೆ ನೋಂದಣಿಯ ದಿನ ತಡವಾಗಿ ಸಿಗುವುದರಿಂದ ಸಂಜೆಯ ಕ್ಯಾಲ್ಕುಲಸ್ ತುಂಬಿರಬಹುದು. ಕಾಯುವವರ ಪಟ್ಟಿಗೆ ಹೆಸರು ಸೇರಿಸಿ ಮೊದಲ ದಿನವೇ ಹೋಗಿ ಕುಳಿತುಕೊಳ್ಳಿ. ಮೊದಲ ವಾರದಲ್ಲಿ ಕುರ್ಚಿಗಳು ಖಾಲಿಯಾಗುತ್ತವೆ, ನನ್ನ ತರಗತಿಯಲ್ಲಂತೂ ಪ್ರತಿ ಸಲವೂ.

ಕೋಡುಬಳೆ:

ನನ್ನ ಕಾಲದ ಆಕ್ಷೇಪಣೆಗೆ ಉತ್ತರ ಸಿಗಲಿಲ್ಲ, ಏಳು ವರ್ಷ ಏಳು ವರ್ಷವೇ. ಅದಿರಲಿ. ನನ್ನ ಮಗಳಿಗೆ ಹೈಸ್ಕೂಲಿನಲ್ಲಿ ಈ ವರ್ಷ ತ್ರಿಕೋನಮಿತಿ ಇದೆ, ನಾನು ಹೇಳಿಕೊಟ್ಟರೆ ಜಗಳವಾಗುತ್ತದೆ. ನೀವಿಬ್ಬರೂ ಭಾನುವಾರ ಸಂಜೆ ಒಟ್ಟಿಗೆ ಕುಳಿತು ಲೆಕ್ಕ ಮಾಡುವುದಾದರೆ ನಮ್ಮ ಮನೆ ಯೂನಿಯನ್ ಸಿಟಿಯಲ್ಲಿ. ಕಾಫಿ, ಕೋಡುಬಳೆ ನನ್ನ ಕಡೆಯಿಂದ.

ಕಾವೇರಿ_ಕಣಿವೆ:

ಬರುತ್ತೇನೆ. ಮೊದಲ ಭಾನುವಾರ ಏಕಮಾನ ವೃತ್ತದಿಂದ ಶುರು ಮಾಡೋಣ ಎಂದು ಅವಳಿಗೆ ಹೇಳಿ. ವಿಭಾಗಕ್ಕೆ ಇಮೇಲ್ ಕಳುಹಿಸಿದ್ದೇನೆ, ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.